ಟ್ಯಾಮ್ಸುಲೋಸಿನ್ ಮಾತ್ರೆಗೆ 6 ಮಿಲಿಮೀಟರ್ ಕಿಡ್ನಿ ಕಲ್ಲು ಕರಗುತ್ತಾ? ಎಮರ್ಜೆನ್ಸಿಯಲ್ಲಿ ಬರೆದುಕೊಟ್ಟಿದ್ದಾರೆ

ನನ್ನದೂ 6 ಮಿಲಿಮೀಟರೇ. ರಾತ್ರಿ ಎರಡು ಗಂಟೆಗೆ ಎಡ ಸೊಂಟ ಹಿಡಿದುಕೊಂಡು ಎಮರ್ಜೆನ್ಸಿಗೆ ಓಡಿದ್ದೆ. ಇಂಜೆಕ್ಷನ್, ಸ್ಕ್ಯಾನ್, ಆಮೇಲೆ ಇದೇ ಮಾತ್ರೆ, ನಾಲ್ಕು ವಾರಕ್ಕೆ. ಜೊತೆಗೆ ಡಾಕ್ಟರ್ ಎರಡು ಮಾತು ಹೇಳಿದ್ದರು: ಮೂತ್ರವನ್ನು ಟೀ ಸೋಸುವ ಜಾಲರಿಯಲ್ಲಿ ಸೋಸಿ ನೋಡಿ, ತಿಂಗಳಿಗೆ ಮತ್ತೆ ಸ್ಕ್ಯಾನಿಗೆ ಬನ್ನಿ.

ಎರಡನ್ನೂ ನಾನು ಮಾಡಲಿಲ್ಲ. ಆರನೇ ದಿನ ನೋವು ಪೂರ್ತಿ ಹೋಯಿತು. ಕಲ್ಲು ಬಿದ್ದುಹೋಯ್ತು ಅಂದುಕೊಂಡೆ. ನಾನು ಎಡವಿದ್ದು ಅಲ್ಲೇ. ಕಲ್ಲು ಚುಚ್ಚುವುದರಿಂದ ನೋವು ಬರುತ್ತದೆ, ಹಾಗಾಗಿ ನೋವಿಲ್ಲದಿದ್ದರೆ ಕಲ್ಲಿಲ್ಲ ಅಂತ ನನ್ನ ಲೆಕ್ಕ. ಆದರೆ ಆ ನೋವು ಜಾಸ್ತಿ ಬರುವುದು ಕಲ್ಲು ದಾರಿಗೆ ಅಡ್ಡ ಕೂತು, ಮೂತ್ರ ಹಿಂದೆ ಕಟ್ಟಿಕೊಂಡು, ಕಿಡ್ನಿಯಲ್ಲಿ ಒತ್ತಡ ಏರುವಾಗ. ಒತ್ತಡ ಇಳಿದರೆ ನೋವೂ ಇಳಿಯುತ್ತದೆ. ಕಲ್ಲು ಅಲ್ಲೇ ಇರಬಹುದು. ನನ್ನದು ಅಲ್ಲೇ ಇತ್ತು. ಐದು ತಿಂಗಳಾದ ಮೇಲೆ ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಗೊತ್ತಾಯಿತು. ಎಡ ಕಿಡ್ನಿ ಊದಿತ್ತು. ಒಂದು ದಿನವೂ ನೋವಿರಲಿಲ್ಲ. ಕೊಳವೆ ಹಾಕಿ ಲೇಸರ್‌ನಲ್ಲಿ ಒಡೆದು ತೆಗೆದರು, ಮೂತ್ರ ಸಲೀಸಾಗಿ ಇಳಿಯಲಿ ಅಂತ ಒಳಗೆ ಸ್ಟೆಂಟ್ ಅನ್ನುವ ಸಣ್ಣ ನಳಿಗೆ ಹಾಕಿದರು. ಆ ಕಿಡ್ನಿ ಮೊದಲಿನಷ್ಟು ಕೆಲಸ ಮಾಡುತ್ತಿಲ್ಲ.

ಮಾತ್ರೆ ಕಲ್ಲನ್ನು ಕರಗಿಸುವುದೇ ಇಲ್ಲ. ಅದು ಪ್ರಾಸ್ಟೇಟ್ ತೊಂದರೆಗೆ ಕೊಡುವ ಮಾತ್ರೆ, ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ನಾಳದ ಸ್ನಾಯುವನ್ನೂ ಸಡಿಲ ಮಾಡುತ್ತದೆ, ಅಷ್ಟೇ. ಅಮೆರಿಕದಲ್ಲಿ ಎಮರ್ಜೆನ್ಸಿಗೆ ಬಂದ 512 ಜನರ ಮೇಲೆ ಇದನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಕೊಟ್ಟರು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಉಳಿದವರಿಗೆ ಔಷಧವಿಲ್ಲದ್ದು. 28 ದಿನದಲ್ಲಿ ಕಲ್ಲು ಬಿದ್ದದ್ದು ಮಾತ್ರೆ ತಗೊಂಡವರಲ್ಲಿ ನೂರಕ್ಕೆ 50, ಉಳಿದವರಲ್ಲಿ 47. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಆದರೆ ಅವರ ಕಲ್ಲುಗಳು ಹೆಚ್ಚಿನವು ಚಿಕ್ಕವು, ಸರಾಸರಿ 4 ಮಿಲಿಮೀಟರ್‌ಗೂ ಕಡಿಮೆ. ಚೀನಾದಲ್ಲಿ 3,000ಕ್ಕೂ ಹೆಚ್ಚು ಜನರ ಮೇಲೆ ಮಾಡಿದ ಪರೀಕ್ಷೆಯಲ್ಲಿ, ನಾಳದ ಕೆಳತುದಿಯ 5 ಮಿಲಿಮೀಟರ್ ದಾಟಿದ ಕಲ್ಲಿಗೆ ಸ್ವಲ್ಪ ಉಪಯೋಗ ಕಂಡಿತ್ತು. ಹಾಗಾಗಿ ನಿಮ್ಮ ಮಾತ್ರೆ ನಿಲ್ಲಿಸಬೇಡಿ.

ನನ್ನನ್ನು ತಟ್ಟಿದ್ದು ಬೇರೆ ವಿಷಯ. ಅಮೆರಿಕದ ಪರೀಕ್ಷೆಯಲ್ಲಿ ಕಲ್ಲು ಬಿತ್ತು ಅಂತ ಬರೆದುಕೊಂಡದ್ದು ರೋಗಿ ಅದನ್ನು ಕಣ್ಣಾರೆ ಕಂಡಿದ್ದರೆ ಅಥವಾ ಹಿಡಿದಿದ್ದರೆ ಮಾತ್ರ. ನೋವು ಹೋಯಿತು ಅನ್ನುವುದು ಲೆಕ್ಕಕ್ಕೇ ಇಲ್ಲ!

ಮಾತ್ರೆ ಕೆಲಸ ಮಾಡುತ್ತಾ ಅಂತ ಕೇಳಬೇಡಿ. ಬಿದ್ದದ್ದು ಹೇಗೆ ಗೊತ್ತಾಗುತ್ತೆ ಅಂತ ಕೇಳಿ. ಇವತ್ತೇ ಒಂದು ಜಾಲರಿ ತಗೊಳ್ಳಿ, ಸ್ಕ್ಯಾನಿನ ತಾರೀಕು ಬರೆಸಿಕೊಳ್ಳಿ. ನಡುವೆ ಚಳಿಜ್ವರ ಬಂದರೆ ಆ ತಾರೀಕಿಗೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.