ಪತಿಯ ವಿವಾಹೇತರ ಸಂಬಂಧದ ವಿರುದ್ಧ ಕ್ರಿಮಿನಲ್ ಮೊಕದ್ದಮೆ ಹೂಡಬಹುದೇ?

ಪತಿಗೆ ಬೇರೊಬ್ಬ ಮಹಿಳೆಯೊಂದಿಗೆ ಸಂಬಂಧವಿರುವುದು ಖಚಿತವಾಗಿದೆ, ಇಬ್ಬರ ಮೇಲೂ ವ್ಯಭಿಚಾರದ ಮೊಕದ್ದಮೆ ಹೂಡಬಹುದೇ ಎಂದು ಕೇಳಿದ್ದೀರಿ. ಭಾರತದಲ್ಲಿ ಇಂದು ಅದು ಸಾಧ್ಯವಿಲ್ಲ. ನಿಮ್ಮ ನೋವನ್ನು ಕಿರಿದೆಂದು ಬಗೆದು ಈ ಮಾತು ಹೇಳುತ್ತಿಲ್ಲ. ಆ ಕಾನೂನು ಜಾರಿಯಲ್ಲಿದ್ದ ಕಾಲದಲ್ಲೂ ಪತ್ನಿಗೆ ಅದರ ಬಾಗಿಲು ಮುಚ್ಚಿಯೇ ಇತ್ತು ಎಂಬುದು ಅನೇಕರಿಗೆ ತಿಳಿದಿಲ್ಲ.

1860ರ ಭಾರತೀಯ ದಂಡ ಸಂಹಿತೆಯ 497ನೇ ಸೆಕ್ಷನ್ ಪ್ರಕಾರ, ಇನ್ನೊಬ್ಬನ ಹೆಂಡತಿಯೆಂದು ತಿಳಿದೂ, ಆಕೆಯ ಗಂಡನ ಸಮ್ಮತಿಯಿಲ್ಲದೆ ಆಕೆಯೊಡನೆ ಲೈಂಗಿಕ ಸಂಪರ್ಕ ಹೊಂದಿದ ಪುರುಷನಿಗೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಿತ್ತು. ಗಂಡ ಒಪ್ಪಿದ್ದರೆ ಅಪರಾಧವೇ ಇಲ್ಲ! ವಿವಾಹಿತ ಪುರುಷನು ಅವಿವಾಹಿತೆಯೊಡನೆ ಅಥವಾ ವಿಧವೆಯೊಡನೆ ಸಂಬಂಧವಿರಿಸಿಕೊಂಡರೂ ಅದು ಈ ಸೆಕ್ಷನ್ನಿಗೆ ಒಳಪಡುತ್ತಿರಲಿಲ್ಲ. ದೂರು ನೀಡುವ ಹಕ್ಕೂ ಆ ಸಂಬಂಧದಲ್ಲಿದ್ದ ಹೆಂಗಸಿನ ಗಂಡನಿಗಿತ್ತೇ ಹೊರತು ವಂಚನೆಗೊಳಗಾದ ಪತ್ನಿಗಿರಲಿಲ್ಲ. ಆ ಕಾನೂನು ಕಾಪಾಡುತ್ತಿದ್ದದ್ದು ದಾಂಪತ್ಯದ ನಿಷ್ಠೆಯನ್ನಲ್ಲ, ಹೆಂಡತಿಯ ಮೇಲೆ ಗಂಡನಿಗಿದ್ದ ಒಡೆತನವನ್ನು ಎಂದೇ ನಾನು ಭಾವಿಸುತ್ತೇನೆ.

1985ರಲ್ಲಿ ಈ ಸೆಕ್ಷನ್ನನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್ ತೀರ್ಪನ್ನು ಬರೆದವರು ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್. 2018ರ ಸೆಪ್ಟೆಂಬರ್ 27ರಂದು ಜೋಸೆಫ್ ಶೈನ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಆ ಸೆಕ್ಷನ್ನನ್ನು ಒಮ್ಮತದಿಂದ ಅಸಿಂಧುಗೊಳಿಸಿದಾಗ, ಆ ಪೀಠದಲ್ಲಿ ಅವರ ಪುತ್ರ ಡಿ. ವೈ. ಚಂದ್ರಚೂಡ್ ಅವರೂ ಇದ್ದರು. ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ವ್ಯಭಿಚಾರ ಎಂಬ ಅಪರಾಧವಿಲ್ಲ. ಆದರೂ ಪರರ ಪತ್ನಿಯನ್ನು ಅಂಥ ಸಂಬಂಧದ ಉದ್ದೇಶದಿಂದ ಪುಸಲಾಯಿಸಿ ಕರೆದೊಯ್ಯುವುದು 84ನೇ ಸೆಕ್ಷನ್ನಿನಡಿ ಅಪರಾಧವಾಗಿಯೇ ಉಳಿದಿದೆ. ಹೆಣ್ಣಿಗೆ ಸ್ವಂತ ಇಚ್ಛೆಯಿದೆ ಎಂಬುದನ್ನು ಮರೆತ ಈ ನಿಯಮ ಏಕೆ ಉಳಿಯಬೇಕಿತ್ತೋ ನನಗೆ ಅರ್ಥವಾಗಿಲ್ಲ.

ಅಪರಾಧವಲ್ಲ ಎಂದ ಮಾತ್ರಕ್ಕೆ ಕಾನೂನು ಇದನ್ನು ಒಪ್ಪಿದೆಯೆಂದು ತಿಳಿಯಬೇಡಿ. ನಿಮ್ಮ ಮದುವೆ ಹಿಂದೂ ವಿವಾಹ ಕಾಯ್ದೆ ಅಥವಾ ವಿಶೇಷ ವಿವಾಹ ಕಾಯ್ದೆಯ ವ್ಯಾಪ್ತಿಯಲ್ಲಿದ್ದರೆ, ಸಂಗಾತಿಯ ವ್ಯಭಿಚಾರವೊಂದೇ ವಿಚ್ಛೇದನಕ್ಕೆ ಸಾಕಾಗುವ ಕಾರಣ. ಅದೇ ಮದುವೆ ಊರ್ಜಿತವಾಗಿರುವಾಗ ಪತಿ ಆ ಮಹಿಳೆಯನ್ನು ವಿಧಿಪೂರ್ವಕವಾಗಿ ಮದುವೆಯಾದರೆ ಅದು ದ್ವಿಪತ್ನಿತ್ವ; ಅದಕ್ಕೆ ಏಳು ವರ್ಷಗಳವರೆಗೆ ಶಿಕ್ಷೆಯಿದೆ. ಸಂಬಂಧದ ಜೊತೆಗೆ ಹೊಡೆತ, ಗಂಭೀರ ಹಿಂಸೆ ಸೇರಿದ್ದರೆ ನ್ಯಾಯ ಸಂಹಿತೆಯ 85ನೇ ಸೆಕ್ಷನ್ನಿನಡಿ ಕ್ರೌರ್ಯದ ದೂರು ನೀಡಬಹುದು. ವಿವಾಹೇತರ ಸಂಬಂಧವಷ್ಟನ್ನೇ ನ್ಯಾಯಾಲಯಗಳು ಕ್ರೌರ್ಯವೆಂದು ಪರಿಗಣಿಸುವುದಿಲ್ಲ.

ವಿಚ್ಛೇದನಕ್ಕೆ ನಿಮ್ಮ ಮನಸ್ಸು ಇನ್ನೂ ಸಿದ್ಧವಿಲ್ಲದಿದ್ದರೆ ಕ್ರಿಮಿನಲ್ ಪ್ರಕ್ರಿಯೆಯ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ನೋಡಿ. ಪತಿ ಇನ್ನೊಬ್ಬಳನ್ನು ಇರಿಸಿಕೊಂಡಿದ್ದರೆ, ಆತನೊಡನೆ ವಾಸಿಸಲು ಪತ್ನಿ ನಿರಾಕರಿಸುವುದು ನ್ಯಾಯವೆಂದು ಅದು ಒಪ್ಪುತ್ತದೆ. ಆದ್ದರಿಂದ, ನಿಮಗೆ ಸ್ವಂತ ಆದಾಯ ಸಾಲದಿದ್ದರೆ, ಪ್ರತ್ಯೇಕವಾಗಿದ್ದುಕೊಂಡೇ ಜೀವನಾಂಶ ಕೋರಿ ಕೌಟುಂಬಿಕ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದು.