ಮೂರು ಹಡಗು, ಯಾವುದು ಹತ್ತಲಿ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ನಮ್ಮ ಮದುವೆಯ ನಲವತ್ತನೇ ವರ್ಷಕ್ಕೆ ಕ್ರೂಸ್‌ಗೆ ಕಳಿಸಿಯೇ ಸಿದ್ಧ ಎಂದು ಮಗಳು ಹಟ ಹಿಡಿದಿದ್ದಾಳೆ. ಮುಂಬೈಯಿಂದ ಕಾರ್ಡೀಲಿಯಾ, ಸಿಂಗಪುರದಿಂದ ಗೆಂಟಿಂಗ್ ಡ್ರೀಮ್ ಅಥವಾ ರಾಯಲ್ ಕೆರಿಬಿಯನ್ ಅನ್ನುತ್ತಾಳೆ. ನಾವು ಸಸ್ಯಾಹಾರಿಗಳು, ಕುಡಿಯುವವರಲ್ಲ. ಇವರಿಗೆ ಮಂಡಿನೋವು. ಕೊಟ್ಟ ದುಡ್ಡಿಗೆ ಯಾವುದು ಮೇಲು?
– ಓದುಗರು, ಹಾಸನ

ಉತ್ತರ: ಟೀಚರೇ, ಹನ್ನೊಂದು ವರ್ಷ ಹಡಗಿನ ಗ್ಯಾಲಿಯಲ್ಲಿ, ಅಂದರೆ ಅಡುಗೆಮನೆಯಲ್ಲಿ, ಸೌಟು ಹಿಡಿದು ಈಗ ಉಡುಪಿಯಲ್ಲಿ ಕೂತವನು ನಾನು. ಹಾಗಾಗಿ ಊಟದಿಂದಲೇ ಶುರುಮಾಡುತ್ತೇನೆ. ಕಾರ್ಡೀಲಿಯಾದಲ್ಲಿ ಪ್ರಯಾಣಿಕರು ಹೆಚ್ಚಾಗಿ ನಮ್ಮವರೇ, ಚಿಂತೆಯಿಲ್ಲ. ಗೆಂಟಿಂಗ್ ಡ್ರೀಮ್‌ನಲ್ಲಿ ಸಸ್ಯಾಹಾರ, ಜೈನ ಅಡುಗೆ ಎರಡೂ ಸಿಗುತ್ತವೆ. ರಾಯಲ್‌ನಲ್ಲಾದರೆ ಹತ್ತಿದ ಸಂಜೆಯೇ ಹೆಡ್ ವೇಟರ್ ಹತ್ತಿರ ‘ನಾಳೆಗೆ ಇಂಡಿಯನ್ ವೆಜ್’ ಅಂದುಬಿಡಿ. ಒಳಗೆ ಮಂಗಳೂರಿನವನೋ ಗೋವಾದವನೋ ಒಬ್ಬ ಇದ್ದೇ ಇರುತ್ತಾನೆ. ಅಂಥ ಚೀಟಿ ಬಂದ ಒಂದು ರಾತ್ರಿ ತೊಗರಿಬೇಳೆಯೂ ಇಲ್ಲ, ಹುಣಸೆಯೂ ಇಲ್ಲ. ಮಸೂರ್ ಬೇಳೆಗೆ ನಿಂಬೆ ಹಿಂಡಿ ಸಾರು ಮಾಡಿ ಕಳಿಸಿದ್ದೆ. ‘ಇದು ಸಾರಲ್ಲ, ಆದರೆ ಬಿಸಿಯಾಗಿತ್ತು’ ಎಂದು ಆ ಅಜ್ಜಿ ವೇಟರ್ ಕೈಯಲ್ಲಿ ಹೇಳಿ ಕಳಿಸಿದರು. ಬಟ್ಟಲು ಮಾತ್ರ ಖಾಲಿ!

ಇನ್ನು ಹಡಗು. ಗ್ರಾಸ್ ಟನ್ನೇಜನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿ ನೋಡಿ, ಕೋಣೆಗೆ ಇಬ್ಬರ ಲೆಕ್ಕದಲ್ಲಿ. (ಟನ್ ಅಂದರೂ ಇದು ತೂಕವಲ್ಲ, ಒಳಜಾಗದ ಅಳತೆ.) ಕಾರ್ಡೀಲಿಯಾದ ಎಂಪ್ರೆಸ್ ಸುಮಾರು 48,500 ಟನ್, 1,600 ಜನ, ತಲಾ 30 ಬರುತ್ತದೆ. ರಾಯಲ್‌ನ ಸ್ಪೆಕ್ಟ್ರಮ್ ಆಫ್ ದ ಸೀಸ್‌ಗೆ 40, ಗೆಂಟಿಂಗ್ ಡ್ರೀಮ್‌ಗೆ 45. ಸಂಖ್ಯೆ ಇಳಿದಷ್ಟೂ ಬಫೆಯಲ್ಲಿ, ಲಿಫ್ಟ್ ಮುಂದೆ ನೂಕುನುಗ್ಗಲು. ನಿಮ್ಮವರ ಮಂಡಿಗೆ ಅದೇ ಮುಖ್ಯ. ಎಂಪ್ರೆಸ್ ಮೊದಲು ರಾಯಲ್ ಕೆರಿಬಿಯನ್‌ನವರು ಓಡಿಸುತ್ತಿದ್ದ 1990ರ ಹಡಗು. ಕಾರ್ಡೀಲಿಯಾ ಹೆಸರಲ್ಲಿ ಇಲ್ಲಿ ಓಡಾಡತೊಡಗಿದ್ದು 2021ರಲ್ಲಿ. ಕೋಣೆಗಳು ಆ ಕಾಲದವು, ಚಿಕ್ಕವು. ಗೆಂಟಿಂಗ್ ಡ್ರೀಮ್ 2016ರದು, ಸ್ಪೆಕ್ಟ್ರಮ್ 2019ರದು. ರಾಯಲ್‌ನವರು ಸಿಂಗಪುರಕ್ಕೆ ಹಡಗು ಬದಲಿಸುತ್ತಿರುತ್ತಾರೆ. ಕಂಪನಿಯ ಹೆಸರಿಗೆ ಮರುಳಾಗದೆ ಹಡಗಿನ ಹೆಸರು ಕೇಳಿ.

ದುಡ್ಡಿನ ವಿಷಯ. ಜಾಹೀರಾತಿನ ದರಕ್ಕೆ ಬಂದರು ಶುಲ್ಕ, ಸೇವಾ ಶುಲ್ಕ ಎಂದೆಲ್ಲ ಸೇರಿಕೊಳ್ಳುತ್ತದೆ. ರಾಯಲ್‌ನವರು 2023ರ ನವೆಂಬರ್‌ನಲ್ಲಿ ಸಾಮಾನ್ಯ ಕೋಣೆಯ ಟಿಪ್ಸನ್ನು ತಲಾ ದಿನಕ್ಕೆ 18 ಡಾಲರ್ ಮಾಡಿದರು. ಆ ದರದಲ್ಲೇ ನಾಲ್ಕು ರಾತ್ರಿಗೆ ಇಬ್ಬರಿಂದ 144 ಡಾಲರ್! ಅದು ನಮ್ಮಂಥವರ ಅನ್ನ, ಹಾಗಾಗಿ ಕೊಡಬೇಡಿ ಅನ್ನಲಾರೆ. ಮೊದಲೇ ಕೂಡಿಸಿಟ್ಟುಕೊಳ್ಳಿ ಅಷ್ಟೆ. ಡ್ರಿಂಕ್ಸ್ ಪ್ಯಾಕೇಜ್ ಬೇಡ, ಬಫೆಯಲ್ಲಿ ನೀರು, ಟೀ, ಕಾಫಿ ಇರುತ್ತದೆ. ಸಿಂಗಪುರಕ್ಕಾದರೆ ವಿಮಾನದ ಖರ್ಚು ಬೇರೆ, ವೀಸಾ ಬೇರೆ. ಹಡಗು ಪೆನಾಂಗ್‌ಗೋ ಫುಕೆಟ್‌ಗೋ ಹೋಗಿ ವಾಪಸ್ ಬರುವುದರಿಂದ ಸಿಂಗಪುರದ ವೀಸಾ ಎರಡನೇ ಪ್ರವೇಶಕ್ಕೂ ನಡೆಯುವಂತಿರಬೇಕು. ಮುಂಬೈ–ಗೋವಾ–ಲಕ್ಷದ್ವೀಪಕ್ಕೆ ಪಾಸ್‌ಪೋರ್ಟೇ ಬೇಡ.

ಪಾಸ್‌ಪೋರ್ಟ್ ಇದ್ದು, ಮಗಳು ವಿಮಾನದ ಖರ್ಚನ್ನೂ ಹೊರುತ್ತಾಳೆಂದರೆ ಗೆಂಟಿಂಗ್ ಡ್ರೀಮ್ ಹತ್ತಿ. ಇಲ್ಲವೇ ಕಾರ್ಡೀಲಿಯಾ. ನಿಮ್ಮಿಬ್ಬರಿಗೆ ರಾಯಲ್‌ನ ಆಟ, ಸಾಹಸಗಳಿಗೆ ದುಡ್ಡು ಸುರಿಯುವುದು ದಂಡ. ಯಾವುದೇ ಆಗಲಿ, ಕೋಣೆ ನಡುಭಾಗದಲ್ಲಿ, ಕೆಳ ಡೆಕ್‌ನಲ್ಲಿರಲಿ, ಓಲಾಟ ಕಡಿಮೆ. ಲಿಫ್ಟ್ ಹತ್ತಿರವಿರಲಿ. ನೆತ್ತಿಯ ಮೇಲೇ ಈಜುಕೊಳದ ಡೆಕ್ ಬಂದರೆ, ಬೆಳಗಿನ ಜಾವ ಹುಡುಗರು ಕುರ್ಚಿ ಎಳೆದು ಸಾಲಾಗಿಡುವ ಸದ್ದಿಗೆ ಎಚ್ಚರಾಗುತ್ತೀರಿ.