ಬಿಲ್ಲಿಂಗ್ ಕಂಪ್ಯೂಟರ್ ಬಿಲ್ಲಿಂಗ್ ಮಾತ್ರ ಮಾಡಲಿ

ಪ್ರಶ್ನೆ: ಹೊಸದಾಗಿ ರೆಸ್ಟೋರೆಂಟ್ ಶುರು ಮಾಡುತ್ತಿದ್ದೇವೆ. ಕೌಂಟರ್‌ಗೆ ಎರಡು ಬಿಲ್ಲಿಂಗ್ ಕಂಪ್ಯೂಟರ್, ಅಡುಗೆಮನೆಗೆ ಒಂದು ಕೆಓಟಿ (ಆರ್ಡರ್ ಚೀಟಿ) ಪ್ರಿಂಟರ್ ಬೇಕು. ವಿಂಡೋಸ್ 7 ಇರುವ ಹಳೆಯ ಕಂಪ್ಯೂಟರ್‌ಗಳು ನಮ್ಮ ಹತ್ತಿರ ಇವೆ. ಸಾಫ್ಟ್‌ವೇರ್ ಕೊಡುವವರು "ಅವೇ ಸಾಕು, ವೈಫೈಗೆ ಸೇರಿಸಿಬಿಡಿ" ಎನ್ನುತ್ತಾರೆ. ಏನಾದರೂ ತೊಂದರೆಯಾದರೆ ದೂರದಿಂದಲೇ ಸರಿ ಮಾಡಲು ರಿಮೋಟ್ ಸಾಫ್ಟ್‌ವೇರ್ ಯಾವಾಗಲೂ ಆನ್ ಇರಬೇಕಂತೆ. ಒಪ್ಪಬಹುದಾ?

ಉತ್ತರ: ಬೇಡ. ಆ ಮೂರು ಮಾತಿಗೂ ನಾನು ಬೇಡ ಎಂದೇ ಹೇಳುತ್ತೇನೆ.

ಮೊದಲು ಕಂಪ್ಯೂಟರ್ ವಿಷಯ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ಕ್ಕೇ ಮುಗಿಯಿತು. ಮಾಮೂಲಿ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬೆಂಬಲ ನಿಂತ ಮೇಲೆ ಕಂಡುಬರುವ ದೋಷಗಳಿಗೆ ರಿಪೇರಿ ಬರುವುದಿಲ್ಲ. ದುಡ್ಡು ಎಣಿಸುವ ಕಂಪ್ಯೂಟರ್‌ನಲ್ಲಿ ಅದನ್ನು ಇಟ್ಟುಕೊಳ್ಳಲೇಬಾರದು. ವಿಂಡೋಸ್ 11 ಇರುವುದನ್ನು ಕೊಳ್ಳಿ. ಇಂಥ ಯಂತ್ರಗಳಿಗೆಂದೇ ಬರುವ ವಿಂಡೋಸ್ 10 ಐಓಟಿ ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ 2021 ಕೂಡ ಆಗುತ್ತದೆ. ಅದಕ್ಕೆ 2032ರ ಜನವರಿವರೆಗೆ ಅಪ್‌ಡೇಟ್ ಸಿಗುತ್ತದೆ. ಫ್ಯಾನ್ ಇಲ್ಲದ ಮಾಡೆಲ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಅಡುಗೆಮನೆಯ ಎಣ್ಣೆ ಹಬೆ, ಧೂಳು ಒಳಗೆ ಹೋಗುವುದು ಕಡಿಮೆಯಾಗುತ್ತದೆ.

ಆ ಕಂಪ್ಯೂಟರ್‌ನಲ್ಲಿ ಬಿಲ್ಲಿಂಗ್ ಬಿಟ್ಟು ಬೇರೇನೂ ನಡೆಯಬಾರದು. ಇಮೇಲ್ ಬೇಡ, ಹಾಡು ಬೇಡ, ಬಿಡುವಿದ್ದಾಗ ಸುಮ್ನೆ ವಿಡಿಯೋ ನೋಡುವುದೂ ಬೇಡ. ಒಪ್ಪಿದ ಪ್ರೋಗ್ರಾಂ ಮಾತ್ರ ಓಡುವ ಹಾಗೆ ವಿಂಡೋಸ್‌ನಲ್ಲೇ ಕಟ್ಟು ಹಾಕಬಹುದು. ಕ್ಯಾಷಿಯರ್‌ಗೆ ಅಡ್ಮಿನ್ ಅಲ್ಲದ ಸಾದಾ ಖಾತೆ ಕೊಡಿ. ಬೇಡದ ಯುಎಸ್‌ಬಿ ಪೋರ್ಟ್‌ಗಳನ್ನು ಮುಚ್ಚಿಸಿ.

ಈಗ ರಿಮೋಟ್ ವಿಷಯ. ನನಗೆ ಅತಿ ಹೆಚ್ಚು ಆತಂಕ ಕೊಡುವುದು ಇದೇ. ಕಳ್ಳರು ನಿಮ್ಮ ರೆಸ್ಟೋರೆಂಟನ್ನೇ ಹುಡುಕಿಕೊಂಡು ಬರಬೇಕಿಲ್ಲ. ಸಾಫ್ಟ್‌ವೇರ್ ಹಾಕಿಕೊಟ್ಟವರ ಪಾಸ್‌ವರ್ಡ್ ಸಿಕ್ಕಿದರೆ ಅವರ ಗ್ರಾಹಕರೆಲ್ಲ ಒಟ್ಟಿಗೆ ಸಿಕ್ಕಂತೆ. ಅಮೆರಿಕದ ವೆಂಡೀಸ್ ಎಂಬ ರೆಸ್ಟೋರೆಂಟ್ ಸರಪಳಿಯಲ್ಲಿ 2015-16ರಲ್ಲಿ ಆಗಿದ್ದು ಇದೇ. ಹೊರಗಿನ ಸೇವಾದಾರರಿಗೆ ಕೊಟ್ಟಿದ್ದ ರಿಮೋಟ್ ಲಾಗಿನ್ ಕಳ್ಳರ ಕೈಸೇರಿತು. 1,000ಕ್ಕೂ ಹೆಚ್ಚು ಮಳಿಗೆಗಳ ಬಿಲ್ಲಿಂಗ್ ಯಂತ್ರಗಳಿಗೆ ಕಾರ್ಡ್ ಮಾಹಿತಿ ಕದಿಯುವ ಪ್ರೋಗ್ರಾಂ ಬಂದು ಕೂತಿತು. ಸಾಫ್ಟ್‌ವೇರ್ ಹಾಕಿಕೊಡುವ ಸಣ್ಣ ಇನ್‌ಸ್ಟಾಲರ್‌ಗಳಲ್ಲಿ ಕೆಲವರು ಎಲ್ಲ ಗ್ರಾಹಕರಿಗೂ ಒಂದೇ ಪಾಸ್‌ವರ್ಡ್ ಇಡುತ್ತಾರೆ. ಊರಿನ ಬೀಗಕ್ಕೆಲ್ಲ ಒಂದೇ ಕೀಲಿ ಮಾಡಿಸಿದ ಹಾಗೆ ಇದು.

ಹಾಗಂತ ರಿಮೋಟ್ ಸಹಾಯವೇ ಬೇಡ ಎನ್ನುತ್ತಿಲ್ಲ. ರಾತ್ರಿ ಊಟದ ಹೊತ್ತಿಗೆ ಬಿಲ್ ನಿಂತರೆ ಅದು ಬೇಕೇ ಬೇಕು. ಆದರೆ ನೀವು ಕರೆದಾಗ ಮಾತ್ರ, ನೀವು ಓದಿ ಹೇಳಿದ ಒಂದು ಸಲದ ಕೋಡ್‌ನಿಂದ ಅದು ತೆರೆಯಬೇಕು. ಕೆಲಸ ಮುಗಿದ ಕೂಡಲೇ ಮುಚ್ಚಬೇಕು. ಅವರ ಲಾಗಿನ್‌ಗೆ ಎರಡು ಹಂತದ ದೃಢೀಕರಣ ಇರಲೇಬೇಕು. ರೂಟರ್‌ನಲ್ಲಿ 3389 ಪೋರ್ಟ್ ಹೊರಗಿನ ಇಂಟರ್ನೆಟ್‌ಗೆ ತೆರೆದಿದೆಯಾ ಎಂದು ಕೇಳಿ. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಬಳಸುವ ಬಾಗಿಲು ಅದು. ತೆರೆದಿದ್ದರೆ ಇವತ್ತೇ ಮುಚ್ಚಿಸಿ. ರೂಟರ್, ಸಾಫ್ಟ್‌ವೇರ್ ಎರಡರದ್ದೂ ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸಿ. ಇದಕ್ಕೆಲ್ಲ ಒಪ್ಪದ ಇನ್‌ಸ್ಟಾಲರ್ ಆದರೆ ಬೇರೆಯವರನ್ನು ನೋಡಿಕೊಳ್ಳಿ.

ನೆಟ್‌ವರ್ಕ್‌ನಲ್ಲಿ ಬಿಲ್ಲಿಂಗ್‌ಗೆ ಅದರದ್ದೇ ಪ್ರತ್ಯೇಕ ದಾರಿ ಬೇಕು. ಗಿರಾಕಿಗಳ ವೈಫೈ, ಸಿಬ್ಬಂದಿಯ ಮೊಬೈಲ್, ಸಿಸಿ ಕ್ಯಾಮೆರಾ ಯಾವುದೂ ಅದರ ಜೊತೆ ಸೇರಬಾರದು. ವಿಎಲ್ಯಾನ್ (ಒಂದೇ ನೆಟ್‌ವರ್ಕನ್ನು ಪ್ರತ್ಯೇಕ ಭಾಗಗಳಾಗಿ ಒಡೆಯುವುದು) ಮಾಡಬಲ್ಲ ರೂಟರ್ ಇದ್ದರೆ ಒಂದೇ ಪೆಟ್ಟಿಗೆಯಲ್ಲಿ ಇವನ್ನು ಬೇರೆ ಮಾಡಬಹುದು. 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ ಸುಮಾರು 4 ಕೋಟಿ ಕಾರ್ಡ್‌ಗಳ ಮಾಹಿತಿ ಕಳುವಾಯಿತು. ಕಳ್ಳರು ಒಳಗೆ ಬಂದಿದ್ದು ಎಸಿ ಮತ್ತು ರೆಫ್ರಿಜರೇಷನ್ ಕೆಲಸ ಮಾಡುವ ಗುತ್ತಿಗೆದಾರರ ಲಾಗಿನ್ ಹಿಡಿದು. ಎಸಿ ರಿಪೇರಿಗೂ ಬಿಲ್ಲಿಂಗ್‌ಗೂ ಏನು ಸಂಬಂಧ, ಅಲ್ವಾ? ಒಂದು ಕಡೆ ಒಳಗೆ ಬಂದವರು ಗಲ್ಲಾವರೆಗೂ ನಡೆದು ಹೋಗುವಂತಿದ್ದರೆ ಹೀಗೇ ಆಗುವುದು.

ಕೆಓಟಿ ಪ್ರಿಂಟರ್‌ಗೆ ವೈಫೈ ಬೇಡ, ಕೇಬಲ್ ಎಳೆಸಿ. ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಐಪಿ ವಿಳಾಸ ಬದಲಾಗದಂತೆ ರೂಟರ್‌ನಲ್ಲೇ ಕಾಯ್ದಿರಿಸಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದ ಮೇಲೆ ವಿಳಾಸ ಬದಲಾಗಬಹುದು. ಆರ್ಡರ್ ಕಳಿಸಿದ್ದೇವೆ ಎಂದು ಕೌಂಟರ್‌ನವರು ಅಂದುಕೊಂಡರೂ ಅಡುಗೆಮನೆಗೆ ಚೀಟಿ ಬಂದಿರುವುದಿಲ್ಲ. ಒಲೆಯ ಹತ್ತಿರ ಇಡುವುದಾದರೆ ರಿಬ್ಬನ್ ಇರುವ ಇಂಪ್ಯಾಕ್ಟ್ ಪ್ರಿಂಟರ್ ಒಳ್ಳೆಯದು. ಬಿಸಿಯಿಂದಲೇ ಅಕ್ಷರ ಮೂಡಿಸುವ ಥರ್ಮಲ್ ಪ್ರಿಂಟರ್‌ನ ಕಾಗದ ಒಲೆಯ ಬಿಸಿಗೂ ಕಪ್ಪಾಗುತ್ತದೆ. ಇಂಪ್ಯಾಕ್ಟ್ ಪ್ರಿಂಟರ್‌ನ ಸದ್ದು ಜಾಸ್ತಿ, ಆದರೆ ಗದ್ದಲದ ಅಡುಗೆಮನೆಯಲ್ಲಿ ಆ ಸದ್ದೇ ಉಪಕಾರಿ. ಯುಪಿಎಸ್ ಹಾಕಿಸುವಾಗ ರೂಟರ್ ಮತ್ತು ನೆಟ್‌ವರ್ಕ್ ಸ್ವಿಚ್‌ಗೂ ಅದರಿಂದಲೇ ಕರೆಂಟ್ ಕೊಡಿ. ಬಹಳ ಜನ ಇದನ್ನು ಮರೆಯುತ್ತಾರೆ.

ಪ್ರಶ್ನೆ: ಗಿರಾಕಿಗಳ ಕಾರ್ಡ್ ನಂಬರ್ ನಮ್ಮ ಕಂಪ್ಯೂಟರ್‌ನಲ್ಲಿ ಉಳಿಯುತ್ತದಾ? ಅದಕ್ಕೆ ನಾವು ಹೊಣೆಯಾ?

ಉತ್ತರ: ಅದು ನೀವು ಹೇಗೆ ಜೋಡಿಸಿದ್ದೀರಿ ಎನ್ನುವುದರ ಮೇಲೆ ಹೋಗುತ್ತದೆ. ಕಾರ್ಡ್ ಮಾಹಿತಿ ಬಿಲ್ಲಿಂಗ್ ಕಂಪ್ಯೂಟರ್ ಮೂಲಕ ಹಾದರೆ, ಉಳಿಸದಿದ್ದರೂ ಅಪಾಯ ಇದೆ. ಕ್ಷಣಕಾಲ ಅದು ಕಂಪ್ಯೂಟರ್‌ನ ಮೆಮೊರಿಯಲ್ಲಿ ಯಾರಾದರೂ ಓದಬಹುದಾದ ರೂಪದಲ್ಲಿ ಇರಬಹುದು. ಟಾರ್ಗೆಟ್‌ನಲ್ಲಿ ಕದ್ದಿದ್ದು ಅಲ್ಲಿಂದಲೇ. ಆದ್ದರಿಂದ ಕಾರ್ಡ್ ಮಷಿನ್‌ನಲ್ಲೇ ಎನ್‌ಕ್ರಿಪ್ಟ್ ಆಗಿ (ಬೇರೆಯವರು ಓದಲಾಗದ ರೂಪಕ್ಕೆ ತಿರುಗಿ) ನೇರ ಪೇಮೆಂಟ್ ಕಂಪನಿಗೆ ಹೋಗುವ ವ್ಯವಸ್ಥೆ ಕೇಳಿ. ಪಿ2ಪಿಇ ಎಂದರೆ ಅವರಿಗೆ ಗೊತ್ತಾಗುತ್ತದೆ. ಆಗ ನಿಮ್ಮ ಕಂಪ್ಯೂಟರ್‌ಗೆ ಹಣ ಬಂತು, ಬರಲಿಲ್ಲ ಎಂಬ ಉತ್ತರ ಮಾತ್ರ ಬರುತ್ತದೆ. ಕದಿಯಲು ಅಲ್ಲಿ ಏನೂ ಇರುವುದಿಲ್ಲ.

ಹೊಣೆ ಖಂಡಿತ ಇದೆ. ಕಾರ್ಡ್ ಸ್ವೀಕರಿಸುವ ಎಲ್ಲರಿಗೂ ಪಿಸಿಐ ಡಿಎಸ್‌ಎಸ್ ಎಂಬ ಕಾರ್ಡ್ ಸುರಕ್ಷತೆಯ ನಿಯಮಾವಳಿ ಅನ್ವಯಿಸುತ್ತದೆ. ಪಾವತಿ ಒಪ್ಪಿಗೆಯಾದ ಮೇಲೆ ಕಾರ್ಡ್‌ನ ಸಿವಿವಿಯನ್ನು ನೀವು ಇಟ್ಟುಕೊಳ್ಳುವಂತಿಲ್ಲ, ಎನ್‌ಕ್ರಿಪ್ಟ್ ಮಾಡಿಯೂ ಇಲ್ಲ. ಫೋನ್ ಆರ್ಡರ್‌ಗೆ ಕಾರ್ಡ್ ನಂಬರ್ ಚೀಟಿಯಲ್ಲಿ ಬರೆದಿಡುವ ಅಭ್ಯಾಸ ಇದ್ದರೆ ಬಿಡಿ. ಕಾರ್ಡ್ ಮಷಿನ್‌ನ ಸೀರಿಯಲ್ ನಂಬರ್ ಬರೆದಿಟ್ಟು, ದಿನಾ ಬೆಳಿಗ್ಗೆ ಅದೇ ಮಷಿನ್ ಇದೆಯಾ, ಮೇಲೆ ಏನಾದರೂ ಅಂಟಿಸಿದ್ದಾರಾ ಎಂದು ನೋಡಿ.

ಪ್ರಶ್ನೆ: ಕ್ಯಾಷಿಯರ್‌ಗಳೆಲ್ಲ ಒಂದೇ ಪಿನ್ ಬಳಸುತ್ತಾರೆ. ಪರವಾಗಿಲ್ಲವಾ?

ಉತ್ತರ: ಪ್ರತಿಯೊಬ್ಬರಿಗೂ ಅವರದೇ ಪಿನ್ ಇರಬೇಕು. ಬಿಲ್ ರದ್ದು, ರಿಯಾಯಿತಿ, ಕ್ಯಾಷ್ ಡ್ರಾಯರ್ ಸುಮ್ನೆ ತೆರೆಯುವುದು, ಇವಕ್ಕೆ ಮ್ಯಾನೇಜರ್ ಪಿನ್ ಕೇಳುವಂತೆ ಮಾಡಿ. ಲೆಕ್ಕ ತಪ್ಪಿದ ದಿನ ಎಲ್ಲರ ಮೇಲೂ ಅನುಮಾನ ಬರುವುದಿದೆಯಲ್ಲ, ಪ್ರಾಮಾಣಿಕವಾಗಿ ದುಡಿಯುವವರಿಗೆ ಅದಕ್ಕಿಂತ ದೊಡ್ಡ ನೋವಿಲ್ಲ. ಬೇರೆ ಬೇರೆ ಪಿನ್ ಇದ್ದರೆ ಅವರಿಗೂ ರಕ್ಷಣೆ. ಕೆಲಸ ಬಿಟ್ಟವರ ಪಿನ್ ಅವತ್ತೇ ತೆಗೆಯಿರಿ.

ಪ್ರಶ್ನೆ: ಬ್ಯಾಕಪ್‌ಗೆ ಕಂಪ್ಯೂಟರ್‌ಗೆ ಒಂದು ಪೆನ್‌ಡ್ರೈವ್ ಚುಚ್ಚಿಟ್ಟಿದ್ದೇವೆ. ಸಾಕಾ?

ಉತ್ತರ: ಸಾಲದು. ರ‍್ಯಾನ್ಸಮ್‌ವೇರ್ (ಫೈಲ್‌ಗಳನ್ನು ಲಾಕ್ ಮಾಡಿ ಹಣ ಕೇಳುವ ಪ್ರೋಗ್ರಾಂ) ಬಂದರೆ ಚುಚ್ಚಿಟ್ಟ ಪೆನ್‌ಡ್ರೈವ್ ಕೂಡ ಲಾಕ್ ಆಗುತ್ತದೆ. ಮೂರು ಪ್ರತಿ, ಎರಡು ಬಗೆಯ ಜಾಗ, ಒಂದಾದರೂ ಬೇರೆ ಕಟ್ಟಡದಲ್ಲೋ ಕ್ಲೌಡ್‌ನಲ್ಲೋ, ಇದು ಹಳೆಯ ನಿಯಮ, ಇವತ್ತಿಗೂ ಸರಿ. ಬ್ಯಾಕಪ್‌ನಿಂದ ಮೆನು, ಲೆಕ್ಕ ಎಲ್ಲ ವಾಪಸ್ ಬರುತ್ತದಾ ಎಂದು ರಜಾ ದಿನ ಒಮ್ಮೆ ಮಾಡಿ ನೋಡಿ. ಕ್ಲೌಡ್ ಸಾಫ್ಟ್‌ವೇರ್ ಆದರೆ ರೆಸ್ಟೋರೆಂಟ್ ತೆರೆಯುವ ಮುಂಚೆಯೇ ಇಂಟರ್ನೆಟ್ ಕೇಬಲ್ ತೆಗೆದು ಬಿಲ್ ಹಾಕಿ. ಬಿಲ್ ಬರುತ್ತದಾ, ಕೆಓಟಿ ಹೋಗುತ್ತದಾ ಎಂದು ನಿಮ್ಮ ಕಣ್ಣಾರೆ ನೋಡಬೇಕು.

ಕಂಪ್ಯೂಟರ್ ಮೇಲೆ ದಾಳಿಯಾಗಿದೆ ಎಂಬ ಅನುಮಾನ ಬಂದರೆ ನೆಟ್‌ವರ್ಕ್ ಕೇಬಲ್ ತೆಗೆಯಿರಿ, ಆದರೆ ಕಂಪ್ಯೂಟರ್ ಆಫ್ ಮಾಡಬೇಡಿ. ಆಫ್ ಮಾಡಿದರೆ ಮೆಮೊರಿಯಲ್ಲಿರುವ ಸಾಕ್ಷಿ ಅಳಿಸಿ ಹೋಗುತ್ತದೆ. ಕೈಬರಹದ ಬಿಲ್ ಪುಸ್ತಕ ತೆಗೆದು ವ್ಯಾಪಾರ ಮುಂದುವರಿಸಿ. ಕಾರ್ಡ್ ಮಾಹಿತಿ ಹೋಗಿರಬಹುದು ಅನಿಸಿದರೆ ಕಾರ್ಡ್ ಮಷಿನ್ ಕೊಟ್ಟ ಬ್ಯಾಂಕಿಗೆ ತಕ್ಷಣ ತಿಳಿಸಿ. ಬ್ಯಾಂಕ್, ಇನ್‌ಸ್ಟಾಲರ್ ಇಬ್ಬರ ಫೋನ್ ನಂಬರನ್ನೂ ಕಾಗದದಲ್ಲಿ ಬರೆದು ಕೌಂಟರ್‌ನಲ್ಲಿ ಇಟ್ಟಿರಿ.